ಬಡವರ ಗದ್ದೆಗೂ ಮಜ್ಜೆಯ ನಾಟಿ

‘ಅಸ್ಥಿಮಜ್ಜೆ ಎಂದರೇನು?’ ಎಂದು ಒಂಬತ್ತನೆಯ ತರಗತಿಯಲ್ಲಿ ಕೇಳಿದರೆ ಮುಂದಿನ ಬೆಂಚಿನವರು ಪುಸ್ತಕದಲ್ಲಿರುವುದನ್ನು ಒಪ್ಪಿಸುತ್ತಾರೆ. ಹಿಂದಿನ ಬೆಂಚಿನವರಿಗೆ ವಾಕ್ಯ ಬಾರದು, ಆದರೆ ವಸ್ತು ಗೊತ್ತು. ಭಾನುವಾರದ ಸಾರಿನಲ್ಲಿ ಬಂದ ನಲ್ಲಿಮೂಳೆಯನ್ನು ತಟ್ಟೆಗೆ ಕುಟ್ಟಿ ಹೀರಿದ ಅನುಭವ ಅವರದು. ಮೂವತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿರುವ ನಾನು ಈ ಪಾಠವನ್ನು ಯಾವಾಗಲೂ ಹಿಂದಿನ ಬೆಂಚಿನಿಂದಲೇ ಆರಂಭಿಸುತ್ತೇನೆ. ನಲ್ಲಿಯಲ್ಲಿ ಸಿಗುವುದು ಹೆಚ್ಚಾಗಿ ಹಳದಿ ಮಜ್ಜೆ, ಅಂದರೆ ಕೊಬ್ಬು. ರಕ್ತ ತಯಾರಾಗುವುದು ಕೆಂಪು ಮಜ್ಜೆಯಲ್ಲಿ. ದೊಡ್ಡವರಲ್ಲಿ ಅದು ಸೊಂಟ, ಎದೆ, ಪಕ್ಕೆ, ಬೆನ್ನಿನ ಮೂಳೆಗಳಲ್ಲಿ ಉಳಿದಿರುತ್ತದೆ. ಅಲ್ಲಿನ ಆಕರಕೋಶಗಳ ಕಾರ್ಖಾನೆ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ಹೊರಗೆ ಕಳಿಸುತ್ತದೆ. ಒಂದು ದಿನವೂ ರಜೆಯಿಲ್ಲ, ಮುಷ್ಕರವಿಲ್ಲ.

ಕಾರ್ಖಾನೆಯ ನಕ್ಷೆಯಲ್ಲೇ ತಪ್ಪಿದ್ದರೆ? ತಲಸ್ಸೇಮಿಯಾ ಅಂಥ ಕಾಯಿಲೆ. ಹಿಮೋಗ್ಲೋಬಿನ್ ಕಟ್ಟಲು ಬೇಕಾದ ಒಂದು ಸರಪಳಿಯ ಜೀನು ತಂದೆಯಿಂದಲೂ ಕೆಟ್ಟದ್ದೇ ಬಂದು, ತಾಯಿಯಿಂದಲೂ ಕೆಟ್ಟದ್ದೇ ಬಂದರೆ ಮಗು ಕೆಲವೇ ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ, ಬದುಕಿರುವಷ್ಟು ಕಾಲ. ನಮ್ಮ ದೇಶದಲ್ಲಿ ಪ್ರತಿವರ್ಷ ಹತ್ತು ಸಾವಿರದಷ್ಟು ಮಕ್ಕಳು ಈ ಕಾಯಿಲೆಯೊಂದಿಗೆ ಹುಟ್ಟುತ್ತಾರೆಂದು ಅಂದಾಜು.

ರಕ್ತ ಕೊಟ್ಟರೆ ಆಯಿತಲ್ಲ ಎನ್ನುವಂತಿಲ್ಲ. ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಒಂದು ಯೂನಿಟ್ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ನಮ್ಮ ದೇಹ ದಿನಕ್ಕೆ ಹೊರಹಾಕಬಲ್ಲದ್ದು ಒಂದೆರಡು ಮಿಲಿಗ್ರಾಂ ಮಾತ್ರ. ವರ್ಷಕ್ಕೆ 20 ಯೂನಿಟ್ ಪಡೆಯುವ ಮಗುವಿಗೆ 4,000 ಮಿಲಿಗ್ರಾಂ, ಅಂದರೆ 4 ಗ್ರಾಂ ಕಬ್ಬಿಣ ಸೇರಿತು. ಒಬ್ಬ ದೊಡ್ಡ ಮನುಷ್ಯನ ಇಡೀ ಮೈಯಲ್ಲಿರುವ ಕಬ್ಬಿಣವೇ ಅಷ್ಟು! ಅದು ಪಿತ್ತಜನಕಾಂಗದಲ್ಲಿ, ಹೃದಯದಲ್ಲಿ, ಗ್ರಂಥಿಗಳಲ್ಲಿ ಕೂತು ಕೊಳೆಸುತ್ತದೆ. ಅದನ್ನು ಎಳೆದು ಹಾಕಲು ಮತ್ತೆ ಔಷಧಿ. ಮೊದಲಿಗೆ ಇದ್ದದ್ದು ರಾತ್ರಿಯೆಲ್ಲ ಹೊಟ್ಟೆಯ ಚರ್ಮದಡಿ ಸೂಜಿ ಚುಚ್ಚಿ, ಸಣ್ಣ ಪಂಪಿನಿಂದ ಹನಿಹನಿಯಾಗಿ ಹರಿಸುವ ಡೆಸ್ಫೆರಾಲ್. ಆಮೇಲೆ ಮಾತ್ರೆಗಳು ಬಂದವು. ಕೆಲವು ವರ್ಷಗಳ ರಕ್ತ, ಔಷಧಿ, ಬಸ್ಸಿನ ಖರ್ಚನ್ನು ಕೂಡಿಸಿದರೆ ಕಸಿಯ ಖರ್ಚನ್ನು ಮುಟ್ಟುತ್ತದೆ. ಕಾಯಿಲೆ ಮಾತ್ರ ಅಲ್ಲೇ ಇರುತ್ತದೆ.

‘ಕಸಿ’ ಎಂಬ ಮಾತು ರೂಢಿಯಲ್ಲಿದೆ, ನಾನೂ ಬಳಸುತ್ತೇನೆ. ಆದರೆ ನಮ್ಮ ಮಲೆನಾಡಿನ ಮಕ್ಕಳಿಗೆ ‘ನಾಟಿ’ ಎಂದರೆ ಬೇಗ ಅರ್ಥವಾಗುತ್ತದೆ. ಮಾವಿಗೆ ಕಸಿ ಕಟ್ಟುವವನು ರೆಂಬೆ ಕೊಯ್ದು ಬುಡಕ್ಕೆ ಕೂಡಿಸಿ ಬಿಗಿಯುತ್ತಾನೆ. ಇಲ್ಲಿ ಕೊಯ್ಯುವುದೂ ಇಲ್ಲ, ಬಿಗಿಯುವುದೂ ಇಲ್ಲ. ಗದ್ದೆಯ ಹಳೆಯ ಬೆಳೆ, ಕಳೆ ಎಲ್ಲವನ್ನೂ ಉತ್ತು ಹದ ಮಾಡಿ, ಸಸಿಮಡಿಯಿಂದ ಕಿತ್ತ ಸಸಿಯನ್ನು ನೆಡುವ ಹಾಗೆ, ಮೊದಲು ಬಲವಾದ ಔಷಧಿಗಳಿಂದ ರೋಗಿಯ ಮಜ್ಜೆಯನ್ನು ಪೂರ್ತಿ ತೆಗೆದು ಹಾಕುತ್ತಾರೆ. ಬಳಿಕ ದಾನಿಗೆ ಅರಿವಳಿಕೆ ಕೊಟ್ಟು, ಸೊಂಟದ ಮೂಳೆಯಿಂದ ಸೂಜಿಯಲ್ಲಿ ಎಳೆದ ಮಜ್ಜೆಯನ್ನು ರಕ್ತ ಕೊಟ್ಟಂತೆಯೇ ರೋಗಿಯ ರಕ್ತನಾಳಕ್ಕೆ ಹರಿಸುತ್ತಾರೆ. ನಮ್ಮ ಗದ್ದೆಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇಲ್ಲಿ ಸಸಿಗಳೇ ದಾರಿ ಹುಡುಕಿಕೊಂಡು ಹೋಗಿ ಮೂಳೆಯೊಳಗೆ ಬೇರೂರುತ್ತವೆ. ಅದಕ್ಕೆ ಎರಡು ಮೂರು ವಾರ ಬೇಕು. ಆ ವಾರಗಳೇ ಅಪಾಯದವು. ಮೈಯಲ್ಲಿ ಬಿಳಿ ರಕ್ತಕಣಗಳೇ ಇರುವುದಿಲ್ಲ. ನಮಗೆ ನೆಗಡಿಯೂ ತಾರದ ಒಂದು ಬೂಷ್ಟು ಆ ಮಗುವಿನ ಜೀವ ತೆಗೆಯಬಲ್ಲದು. ಬೇರೂರಿದ ಮೇಲೂ ದಾನಿಯ ಕಣಗಳು ‘ಇದು ನಮ್ಮ ಮನೆಯಲ್ಲ’ ಎಂದು ರೋಗಿಯ ಚರ್ಮ, ಕರುಳು, ಪಿತ್ತಜನಕಾಂಗದ ಮೇಲೆ ಯುದ್ಧ ಹೂಡಬಹುದು.

ಇದನ್ನು ಮನುಷ್ಯರ ಮೇಲೆ ಮೊದಲು ಪ್ರಯತ್ನಿಸಿದವರಲ್ಲಿ ಅಮೆರಿಕದ ಡೊನಾಲ್ ಥಾಮಸ್ ಒಬ್ಬರು. 1957ರಲ್ಲಿ ಅವರು ವರದಿ ಮಾಡಿದ ಆರು ಮಂದಿ ರೋಗಿಗಳಲ್ಲಿ ಒಬ್ಬರೂ ಉಳಿಯಲಿಲ್ಲ. ಮತ್ತೆ ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಕೆಲಸ ಮಾಡಿ, ಅಂಗಾಂಶ ಹೊಂದಿಕೆಯ ಗುಟ್ಟು ಬಿಚ್ಚಿಕೊಂಡ ಮೇಲೆ ರೋಗಿಗಳ ಹತ್ತಿರ ಬಂದರು. 1990ರಲ್ಲಿ ನೊಬೆಲ್ ಬಂತು. ಇಟಲಿಯ ಪೆಸಾರೊ ಎಂಬ ಸಣ್ಣ ಊರಿನಲ್ಲಿ ಲುಕರೆಲ್ಲಿ ಎಂಬ ವೈದ್ಯರು 1981ರ ಕೊನೆಯಿಂದ ತಲಸ್ಸೇಮಿಯಾ ಮಕ್ಕಳಿಗೆ ಕಸಿ ಮಾಡುತ್ತ ಹೋದರು. ನಮ್ಮಲ್ಲಿ ಮೊದಲ ಕಸಿ ನಡೆದದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, ಡಾ. ಸುರೇಶ್ ಅಡ್ವಾಣಿಯವರ ನೇತೃತ್ವದಲ್ಲಿ.

ನಾನು ಹೇಳಹೊರಟಿರುವುದು ನಮಗೆ ಹತ್ತಿರದ ವೆಲ್ಲೂರಿನ ವಿಷಯ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಆಸ್ಟ್ರೇಲಿಯದಲ್ಲಿ ತರಬೇತಿ ಪಡೆದು ಬಂದ ಡಾ. ಮಾಮೆನ್ ಚಾಂಡಿ ಮತ್ತು ಸಂಗಡಿಗರು 1986ರ ಅಕ್ಟೋಬರಿನಲ್ಲಿ ಮೊದಲ ಕಸಿ ಮಾಡಿದರು. (ಚಾಂಡಿಯವರಿಗೆ 2019ರಲ್ಲಿ ಪದ್ಮಶ್ರೀ ಬಂತು.) ಆಗಿನ ಕಾಲ ನೆನಪಿಸಿಕೊಳ್ಳಿ. ಟೆಲಿಫೋನ್ ಸಂಪರ್ಕಕ್ಕೇ ವರ್ಷಗಟ್ಟಲೆ ಕಾಯಬೇಕಿತ್ತು. ಅತಿಸಾರಕ್ಕೆ ಮಕ್ಕಳು ಸಾಯುವ ದೇಶದಲ್ಲಿ ಇಂಥ ದುಬಾರಿ ಚಿಕಿತ್ಸೆ ಯಾಕೆ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಪ್ರಶ್ನೆ ಸುಳ್ಳಲ್ಲ. ಆದರೆ ಕಾಯಿಲೆಯ ಮಗುವಿನ ತಂದೆಯ ಎದುರು ಕೂತು ಅದನ್ನು ಕೇಳಿ ನೋಡಬೇಕು.

ನಾನು ಅಂಥ ಒಬ್ಬ ತಂದೆಯ ಜೊತೆ 2005ರಲ್ಲಿ ವೆಲ್ಲೂರಿಗೆ ಹೋಗಿದ್ದೆ. ನಮ್ಮೂರಿನ ದರ್ಜಿ ಅವರು. ಮಗಳು ನನ್ನ ಎಂಟನೆಯ ತರಗತಿಯಲ್ಲಿದ್ದಳು. ಮೂರು ವಾರಕ್ಕೊಮ್ಮೆ ಗುರುವಾರ ಗೈರುಹಾಜರಿ. ಬೆಳಿಗ್ಗೆಯ ಬಸ್ಸಿಗೆ ಜಿಲ್ಲಾಸ್ಪತ್ರೆಗೆ ಹೋಗಿ ರಕ್ತ ಹಾಕಿಸಿಕೊಂಡು ರಾತ್ರಿ ವಾಪಸು. ಶುಕ್ರವಾರ ಕೆಂಪಗೆ ನಗುತ್ತ ಬರುತ್ತಿದ್ದಳು, ವಾರ ಕಳೆದಂತೆ ಮಂಕಾಗುತ್ತಿದ್ದಳು. ನನಗೆ ಇಂಗ್ಲಿಷ್, ತಮಿಳು ತುಸು ಬರುತ್ತದೆಂಬ ಕಾರಣಕ್ಕೆ ಅವರು ನನ್ನನ್ನು ಕರೆದರು. ಬೇಸಿಗೆ ರಜೆಯಾದ್ದರಿಂದ ಹೊರಟೆ.

ಕಾಟ್ಪಾಡಿಯಲ್ಲಿ ಇಳಿದು ಆಸ್ಪತ್ರೆಯ ಬೀದಿಗೆ ಬಂದರೆ ತಮಿಳುನಾಡೋ ಬಂಗಾಳವೋ ತಿಳಿಯದು. ಅಂಗಡಿಗಳ ಮೇಲೆ ಬಂಗಾಳಿ ಬರಹ, ಲಾಡ್ಜುಗಳಲ್ಲಿ ಮೀನಿನ ಸಾರಿನ ವಾಸನೆ. ತಿಂಗಳುಗಟ್ಟಲೆ ಉಳಿಯುವ ರೋಗಿಗಳ ಕಡೆಯವರಿಗೆ ಸ್ಟೌ, ಪಾತ್ರೆ ಬಾಡಿಗೆಗೆ ಕೊಡುತ್ತಾರೆ. ನಾವೂ ಒಂದು ಕೋಣೆ ಹಿಡಿದು ಅನ್ನ ಬೇಯಿಸಿಕೊಂಡೆವು. ಆ ರಾತ್ರಿ ಅವರು ಕೇಳಿದ್ದು ಒಂದೇ ಮಾತು: “ಮೇಷ್ಟ್ರೇ, ಮಗನ ಮೂಳೆ ಕತ್ತರಿಸ್ತಾರಾ? ಒಬ್ಬಳನ್ನ ಉಳಿಸೋಕೆ ಹೋಗಿ ಇನ್ನೊಬ್ಬನ್ನ ಕುಂಟ ಮಾಡಿದ ಹಾಗಾಗಬಾರದು.” ಮೂಳೆ ಕತ್ತರಿಸುವುದಿಲ್ಲ, ತೆಗೆದ ಮಜ್ಜೆ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ಸೊಂಟ ಒಂದೆರಡು ದಿನ ನೋಯುತ್ತದೆ ಎಂದೆ. ನಂಬಿದರೋ ಇಲ್ಲವೋ. ಮಗನೂ ಜೊತೆಗಿದ್ದ, ಹತ್ತು ವರ್ಷದವನು. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ದಾನಿಯೂ ಮಗುವೇ ಆದಾಗ ಒಪ್ಪಿಗೆ ಕೊಡುವವರು ಯಾರು ಎಂಬುದು ಸುಲಭದ ವಿಷಯವಲ್ಲ.

ಒಡಹುಟ್ಟಿದವರ ಹೊಂದಿಕೆಯ ಲೆಕ್ಕ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. ‘ಎಚ್‌ಎಲ್‌ಎ’ ಎಂಬ ಗುರುತಿನ ಜೀನುಗಳು ಆರನೆಯ ವರ್ಣತಂತುವಿನ ಮೇಲೆ ಒಟ್ಟಾಗಿ ಕೂತಿವೆ, ಸಾಮಾನ್ಯವಾಗಿ ಒಂದೇ ಗಂಟಾಗಿ ಮಕ್ಕಳಿಗೆ ಬರುತ್ತವೆ. ತಂದೆಯ ಎರಡು ಗಂಟುಗಳನ್ನು ಅ, ಆ ಎನ್ನಿ. ತಾಯಿಯ ಎರಡನ್ನು ಇ, ಈ ಎನ್ನಿ. ಮಕ್ಕಳು ಅಇ, ಅಈ, ಆಇ, ಆಈ, ಹೀಗೆ ನಾಲ್ಕು ಬಗೆ. ಹಾಗಾಗಿ ಒಬ್ಬ ಒಡಹುಟ್ಟು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಮಗುವಿಗೂ ಕಾಯಿಲೆ ಇರಬಾರದಲ್ಲ, ವಾಹಕರಾಗಿದ್ದರೆ ಅಡ್ಡಿಯಿಲ್ಲ. ತಲಸ್ಸೇಮಿಯಾ ಜೀನು ಇರುವುದು ಹನ್ನೊಂದನೆಯ ವರ್ಣತಂತುವಿನಲ್ಲಿ, ಆದ್ದರಿಂದ ಎರಡು ಲೆಕ್ಕಗಳೂ ಸ್ವತಂತ್ರ. ಕಾಯಿಲೆ ಇಲ್ಲದಿರುವ ಸಾಧ್ಯತೆ ನಾಲ್ಕರಲ್ಲಿ ಮೂರು. ಗುಣಿಸಿದರೆ ಹದಿನಾರರಲ್ಲಿ ಮೂರು. ನಮ್ಮ ಕಡೆ ಸೋದರಮಾವನಿಗೆ, ಅತ್ತೆಮಗನಿಗೆ ಕೊಡುವ ರೂಢಿಯಿರುವ ಮನೆಗಳಲ್ಲಿ ಇಂಥ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ವಿಚಿತ್ರವೆಂದರೆ, ಅಂಥ ಮನೆಗಳಲ್ಲಿ ತಂದೆ ಅಥವಾ ತಾಯಿಯೇ ಹೊಂದಿಬಿಡುವುದೂ ಉಂಟು. ರೋಗ ಕೊಟ್ಟ ನಂಟೇ ಔಷಧಿಯನ್ನೂ ಕೊಟ್ಟಂತೆ.

ಅಣ್ಣತಂಗಿಯರ ಪಾಠದಲ್ಲಿ ಇದನ್ನು ಬೋರ್ಡಿನ ಮೇಲೆ ಬರೆಯುವುದು ಸುಲಭ. ವೆಲ್ಲೂರಿನಲ್ಲಿ ಫಲಿತಾಂಶದ ಚೀಟಿ ಕೈಗೆ ಬಂದಾಗ ಅಕ್ಕ ಅಇ ಆದರೆ ತಮ್ಮ ಆಈ. ಒಂದು ಗಂಟೂ ಸೇರಿರಲಿಲ್ಲ. ತಂದೆ ಆ ಚೀಟಿಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, “ಅಂದರೆ ಇಲ್ಲ ಅಂತ ತಾನೆ?” ಎಂದರು.

ಇರಲಿ, ಖರ್ಚಿನ ವಿಷಯಕ್ಕೆ ಬರೋಣ. ವೆಲ್ಲೂರಿನ ವೈದ್ಯರು ತಮ್ಮ ಮೊದಲ 13 ವರ್ಷಗಳ ಲೆಕ್ಕವನ್ನು ಪ್ರಕಟಿಸಿದ್ದಾರೆ. 1999ರ ಕೊನೆಯ ಹೊತ್ತಿಗೆ 200ಕ್ಕೂ ಹೆಚ್ಚು ಕಸಿಗಳು, ಅವುಗಳಲ್ಲಿ ಹತ್ತಿರ ಹತ್ತಿರ ಅರ್ಧ ತಲಸ್ಸೇಮಿಯಾ ರೋಗಿಗಳಿಗೆ. ಒಂದಕ್ಕೆ ಬಿದ್ದ ಖರ್ಚು ಸುಮಾರು 15ರಿಂದ 20 ಸಾವಿರ ಡಾಲರ್. ಶ್ರೀಮಂತ ದೇಶಗಳಲ್ಲಿ ಇದರ ಹಲವು ಪಟ್ಟು ಆಗುತ್ತಿತ್ತು. ಆಗಿನ ರೂಪಾಯಿ ಲೆಕ್ಕದಲ್ಲಿ ಏಳೆಂಟು ಲಕ್ಷ. ನಮ್ಮ ದರ್ಜಿಯವರ ತಿಂಗಳ ಗಳಿಕೆ 2,500. ಒಂದು ಪೈಸೆ ಊಟಕ್ಕೆ ಖರ್ಚು ಮಾಡದೆ ಕೂಡಿಟ್ಟರೂ ಎಂಟು ಲಕ್ಷಕ್ಕೆ 26 ವರ್ಷಕ್ಕೂ ಹೆಚ್ಚು. ‘ಅಗ್ಗ’ ಎಂಬ ಮಾತನ್ನು ಯಾರ ಕಿಸೆಯಿಂದ ಅಳೆಯುತ್ತೇವೆ ಎಂಬುದನ್ನು ಮರೆಯಬಾರದು. ಆದರೂ ಕೋಟಿ ರೂಪಾಯಿಯ ಮಾತಿಗೆ ಯಾರೂ ಚಂದಾ ಎತ್ತಲಾರರು. ಎಂಟು ಲಕ್ಷವಾದರೆ ಊರು, ಟ್ರಸ್ಟು, ಸರ್ಕಾರ ಎಲ್ಲ ಸೇರಿ ಎತ್ತಬಹುದು. 2017ರಲ್ಲಿ ಕೋಲ್ ಇಂಡಿಯಾ ಸಂಸ್ಥೆಯ ನೆರವಿನಿಂದ ಆರಂಭವಾದ ಯೋಜನೆಯಲ್ಲಿ ಹೊಂದುವ ಒಡಹುಟ್ಟು ಇರುವ ತಲಸ್ಸೇಮಿಯಾ ಮಗುವಿನ ಕಸಿಗೆ 10 ಲಕ್ಷದವರೆಗೆ ಕೊಡುತ್ತ ಬಂದಿದ್ದಾರೆ. ಚಿಕಿತ್ಸೆಯ ಬೆಲೆ ಆ ಅಳತೆಗೆ ಇಳಿದದ್ದರಿಂದಲೇ ಅಂಥ ಯೋಜನೆ ಸಾಧ್ಯವಾಯಿತು.

ಬೆಲೆ ಇಳಿದದ್ದು ಹೇಗೆ? ವೈದ್ಯರ, ದಾದಿಯರ ಸಂಬಳ ನಮ್ಮಲ್ಲಿ ಕಡಿಮೆ, ಔಷಧಿಗಳ ದೇಶೀ ತಯಾರಿಕೆ ಅಗ್ಗ. ಇವು ಹೊರಗಿನ ಕಾರಣಗಳು. ನನ್ನನ್ನು ಸೆಳೆದದ್ದು ಒಳಗಿನ ಕಾರಣ. ಬಡ ದೇಶಗಳ ವೈದ್ಯರು ಪ್ರತಿಯೊಂದು ದುಬಾರಿ ವಸ್ತುವನ್ನೂ ಎದುರಿಗಿಟ್ಟುಕೊಂಡು ‘ಇದಿಲ್ಲದಿದ್ದರೆ ಏನಾಗುತ್ತದೆ?’ ಎಂದು ಕೇಳಿದರು. ಪ್ರಯೋಗಶಾಲೆಯಲ್ಲಿ ಒಂದು ಚರವನ್ನು ಬದಲಿಸಿ ಉಳಿದವನ್ನು ಹಾಗೇ ಇಡಿ ಎಂದು ನಾವು ಹೇಳಿಕೊಡುವುದಿಲ್ಲವೇ, ಅದೇ. ಮೆಕ್ಸಿಕೊ ದೇಶದ ಪ್ಯೂಬ್ಲಾ ನಗರದಲ್ಲಿ ಡಾ. ರುಯಿಸ್ ಆರ್ಗ್ವೆಯೆಸ್ ಎಂಬವರು 1990ರ ದಶಕದಿಂದ ಮಾಡಿದ್ದು ಇದನ್ನೇ. ರೋಗಿಯ ಸ್ವಂತ ಆಕರಕೋಶಗಳನ್ನೇ ತೆಗೆದಿಟ್ಟು ವಾಪಸು ಕೊಡುವ ಒಂದು ಬಗೆಯ ಕಸಿಯಿದೆ. ಆ ಕೋಶಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸುವುದು ಎಲ್ಲ ಕಡೆಯ ಪದ್ಧತಿ. ಕೆಲವೇ ದಿನಗಳಲ್ಲಿ ಬಳಸುವುದಾದರೆ 4 ಡಿಗ್ರಿಯ ಫ್ರಿಜ್ಜಿನಲ್ಲಿಟ್ಟರೂ ಸಾಕು ಎಂದು ಅವರು ತೋರಿಸಿದರು. ಔಷಧಿಯ ಉಗ್ರತೆ ತಗ್ಗಿಸಿ, ಬಹಳಷ್ಟು ರೋಗಿಗಳನ್ನು ಆಸ್ಪತ್ರೆಯ ಹಾಸಿಗೆಗೆ ಸೇರಿಸದೆ, ಹತ್ತಿರದಲ್ಲೇ ಉಳಿಸಿಕೊಂಡು ದಿನವೂ ನೋಡಿಕೊಂಡರು.

ಇಷ್ಟೆಲ್ಲ ಉಳಿಸಿದವರು ಒಂದು ಕಡೆ ಮಾತ್ರ ಜಿಪುಣತನ ಮಾಡುವಂತಿಲ್ಲ. ಅದು ಶುಚಿತ್ವ. ಗಾಳಿಯನ್ನು ಸೋಸುವ ಹೆಪಾ ಫಿಲ್ಟರ್ ಬೇಕು ನಿಜ. ಅದಕ್ಕಿಂತ ಮೊದಲು ಬೇಕಾದದ್ದು ಒಳಗೆ ಬರುವ ಪ್ರತಿಯೊಬ್ಬರೂ, ದೊಡ್ಡ ಡಾಕ್ಟರೂ ಸೇರಿ, ಪ್ರತಿಸಲವೂ ಕೈ ತೊಳೆಯುವುದು. ಕಡಿಮೆ ವೆಚ್ಚದ ಘಟಕಗಳಲ್ಲಿ ತಾಯಿಯೇ ಅರ್ಧ ದಾದಿ. ಕುದಿಸಿದ ನೀರು, ಕುಕ್ಕರಿನಲ್ಲಿ ಬೆಂದ ಅನ್ನ, ಹಸಿ ತರಕಾರಿ ಇಲ್ಲ, ಹೂವು ಇಲ್ಲ, ದೇವಸ್ಥಾನದ ತೀರ್ಥವೂ ಇಲ್ಲ. ಕೊಡುವ ರಕ್ತವನ್ನು ಪರೀಕ್ಷಿಸಿರಬೇಕು, ಜೊತೆಗೆ ವಿಕಿರಣ ಹಾಯಿಸಿರಬೇಕು; ಇಲ್ಲದಿದ್ದರೆ ರಕ್ತದಾನಿಯ ಬಿಳಿಕಣಗಳೇ ಶತ್ರುಗಳಾಗುತ್ತವೆ. ಪ್ಲೇಟ್‌ಲೆಟ್ಟುಗಳು ಐದು ದಿನಕ್ಕಿಂತ ಹೆಚ್ಚು ಕೆಡದೆ ಇರುವುದು ಕಷ್ಟ, ಆದ್ದರಿಂದ ಕೇಳಿದ ದಿನ ಬಂದು ಕೊಡುವ ದಾನಿಗಳ ಪಡೆ ಬೇಕು. ಇವ್ಯಾವುವೂ ಯಂತ್ರಗಳಲ್ಲ, ಅಭ್ಯಾಸಗಳು. ವಿದೇಶದಿಂದ ಯಂತ್ರ ತರಿಸಿದಂತೆ ಅಭ್ಯಾಸ ತರಿಸಲಾಗುವುದಿಲ್ಲ.

ಹೆಚ್ಚು ಹಣ ತಿನ್ನುವುದು ಕಸಿಯಲ್ಲ, ಕಸಿಯ ನಂತರದ ತೊಡಕುಗಳು. ಸುಸೂತ್ರವಾಗಿ ಹೋದ ಮಗು ಒಂದೂವರೆ ತಿಂಗಳಲ್ಲಿ ಹೊರಗೆ ಬರುತ್ತದೆ. ಸೋಂಕು ಹತ್ತಿದರೆ, ಪಿತ್ತಜನಕಾಂಗ ಕೈಕೊಟ್ಟರೆ ಖರ್ಚು ಎರಡರಷ್ಟು, ಮೂರರಷ್ಟು. ಆದ್ದರಿಂದ ಅಗ್ಗದ ಕಾರ್ಯಕ್ರಮ ಕಟ್ಟುವವರಿಗೆ ಅತ್ಯಂತ ಸುಲಭದ ದಾರಿಯೆಂದರೆ ತೊಡಕು ಬಾರದಂಥ ಮಕ್ಕಳನ್ನೇ ಆರಿಸಿಕೊಳ್ಳುವುದು. ಇಲ್ಲಿ ನನ್ನೊಳಗಿನ ಮೇಷ್ಟ್ರು ಎದ್ದು ನಿಲ್ಲುತ್ತಾನೆ. ಎಸ್ಸೆಸ್ಸೆಲ್ಸಿಯಲ್ಲಿ ಶೇಕಡ ನೂರು ಫಲಿತಾಂಶದ ಬ್ಯಾನರ್ ಕಟ್ಟಲು ದಡ್ಡ ಹುಡುಗರಿಗೆ ಒಂಬತ್ತರಲ್ಲೇ ಟಿ.ಸಿ. ಕೊಟ್ಟು ಕಳಿಸುವ ಶಾಲೆಗಳನ್ನು ನಾನು ಬಲ್ಲೆ. ಆಸ್ಪತ್ರೆಯೂ ಹಾಗೆ ಮಾಡಿದರೆ?

ಪೆಸಾರೊದವರು 1990ರಲ್ಲಿ ಪ್ರಕಟಿಸಿದ ವರ್ಗೀಕರಣ ಮೂರು ಪ್ರಶ್ನೆ ಕೇಳುತ್ತದೆ. ಪಿತ್ತಜನಕಾಂಗ ಊದಿದೆಯೇ, ಅದರಲ್ಲಿ ನಾರು ಬೆಳೆದಿದೆಯೇ, ಕಬ್ಬಿಣ ತೆಗೆಯುವ ಔಷಧಿ ಸರಿಯಾಗಿ ನಡೆದಿಲ್ಲವೇ? ಮೂರಕ್ಕೂ ‘ಇಲ್ಲ’ವಾದರೆ ಮೊದಲ ವರ್ಗ, ಮೂರಕ್ಕೂ ‘ಹೌದು’ ಆದರೆ ಮೂರನೆಯ ವರ್ಗ. ಇಟಲಿಯ ಮಕ್ಕಳಲ್ಲಿ ಮೊದಲ ವರ್ಗದವರು ಸಾಕಷ್ಟಿದ್ದರು. ವೆಲ್ಲೂರಿಗೆ ಬರುವವರು ಹಾಗಲ್ಲ. ಸರಿಯಾಗಿ ರಕ್ತ ಸಿಗದ, ಔಷಧಿ ಕೊಳ್ಳಲಾಗದ ಮಕ್ಕಳು, ಹೊಟ್ಟೆ ಮುಂದೆ ಬಂದು, ಮೂರನೆಯ ವರ್ಗವನ್ನೇ ತುಂಬಿಕೊಂಡರು. ಅವರಲ್ಲೂ ಎಲ್ಲರೂ ಒಂದೇ ಅಲ್ಲ ಎಂಬುದನ್ನು ವೆಲ್ಲೂರಿನವರು ತಮ್ಮದೇ ದಾಖಲೆಗಳಿಂದ ಕಂಡುಕೊಂಡು 2007ರಲ್ಲಿ ಬರೆದರು. ಏಳು ವರ್ಷ ದಾಟಿರಬೇಕು, ಪಿತ್ತಜನಕಾಂಗ ಪಕ್ಕೆಲುಬಿನ ಕೆಳಗೆ ಐದು ಸೆಂಟಿಮೀಟರ್ ಇಳಿದಿರಬೇಕು. ಈ ಎರಡೂ ಸೇರಿದ ಮಕ್ಕಳೇ ಹೆಚ್ಚಾಗಿ ಸಾಯುತ್ತಿದ್ದವರು. ನೋಡಿ, ಇದಕ್ಕೆ ಬೇಕಾದ ಉಪಕರಣ ಹುಟ್ಟಿದ ತಾರೀಖು ಮತ್ತು ಒಂದು ಅಳತೆ ಪಟ್ಟಿ!

ಕಂಡುಕೊಂಡ ಮೇಲೆ ಅವರು ಆ ಮಕ್ಕಳಿಗೆ ಟಿ.ಸಿ. ಕೊಡಲಿಲ್ಲ. ಗದ್ದೆ ಹದ ಮಾಡುವ ಔಷಧಿಯ ಕಡೆ ನೋಡಿದರು. ಬುಸಲ್ಫಾನ್ ಎಂಬ ಔಷಧಿಯನ್ನು ಒಂದೇ ತೂಕದ ಇಬ್ಬರು ಮಕ್ಕಳಿಗೆ ಒಂದೇ ಪ್ರಮಾಣದಲ್ಲಿ ಕೊಟ್ಟರೂ ರಕ್ತದಲ್ಲಿ ಅದರ ಮಟ್ಟ ಬೇರೆ ಬೇರೆ ಇರುವುದನ್ನು ಅಲ್ಲಿನ ಪ್ರಯೋಗಾಲಯ ಅಳೆದು ತೋರಿಸಿತ್ತು. ಕಬ್ಬಿಣದಿಂದ ಬಳಲಿದ ಪಿತ್ತಜನಕಾಂಗದ ಸಣ್ಣ ರಕ್ತನಾಳಗಳು ಅದರ ಹೊಡೆತಕ್ಕೆ ಮುಚ್ಚಿಕೊಳ್ಳುತ್ತಿದ್ದವು. ಅದರ ಜಾಗದಲ್ಲಿ ಟ್ರಿಯೊಸಲ್ಫಾನ್ ಎಂಬ ಸೌಮ್ಯ ಔಷಧಿ ಬಳಸಿದಾಗ, ಹಿಂದೆ ಅರ್ಧದಷ್ಟು ಮಕ್ಕಳೂ ಉಳಿಯದಿದ್ದ ಆ ಗುಂಪಿನಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಮಂದಿ ಉಳಿದರು. ಇದು 2013ರ ವರದಿ. ಶ್ರೀಮಂತ ದೇಶದಲ್ಲಿ ಈ ಪ್ರಶ್ನೆ ಏಳುವುದೇ ಕಷ್ಟವಿತ್ತು, ಏಕೆಂದರೆ ಅಲ್ಲಿ ಇಂಥ ಮಕ್ಕಳೇ ಕಡಿಮೆ.

ಹೊಸದಾಗಿ ಆರಂಭವಾಗುವ ಸಣ್ಣ ಘಟಕಗಳು ಸುಲಭದ ರೋಗಿಗಳಿಂದಲೇ ಶುರುಮಾಡಬೇಕೆಂಬ ವಾದವನ್ನೂ ನಾನು ಒಪ್ಪುತ್ತೇನೆ. ಕೈ ಪಳಗದೆ ಕಷ್ಟದ ಕೆಲಸಕ್ಕೆ ಇಳಿದರೆ ಬಲಿಯಾಗುವುದು ಮಕ್ಕಳೇ. ಇಟಲಿಯ ‘ಕ್ಯೂರ್ ಟು ಚಿಲ್ಡ್ರನ್’ ಸಂಸ್ಥೆ ಪಾಕಿಸ್ತಾನದಲ್ಲೂ ನಮ್ಮಲ್ಲೂ ಹೀಗೆಯೇ ಘಟಕಗಳನ್ನು ಕಟ್ಟಲು ನೆರವಾಗಿದೆ. ಬೆಂಗಳೂರಿನಲ್ಲಿ ಅದರ ಜೊತೆ ಕೈಜೋಡಿಸಿದ್ದು, ರಕ್ತದಾನದ ಕೆಲಸದಿಂದ ಆರಂಭವಾದ ‘ಸಂಕಲ್ಪ ಇಂಡಿಯಾ ಫೌಂಡೇಶನ್’ ಎಂಬ ತರುಣರ ಸಂಸ್ಥೆ. ಮೊದಲು ಪೀಪಲ್ ಟ್ರೀ ಆಸ್ಪತ್ರೆಯಲ್ಲಿ 2015ರಿಂದ, ಬಳಿಕ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ಕಸಿಗಳು ನಡೆದವು. ಅವರ ಕೆಲಸದಲ್ಲಿ ನನಗೆ ಮೆಚ್ಚುಗೆಯಾದದ್ದು ಎರಡು ಸಂಗತಿ. ಒಂದು, ಊರೂರಿನ ಶಿಬಿರಗಳಲ್ಲಿ ಮಕ್ಕಳ ಕೆನ್ನೆಯ ಒಳಗನ್ನು ಹತ್ತಿಯ ಕಡ್ಡಿಯಿಂದ ಒರೆಸಿ, ಜರ್ಮನಿಯ ಡಿಕೆಎಂಎಸ್ ಸಂಸ್ಥೆಯ ನೆರವಿನಿಂದ ಉಚಿತವಾಗಿ ಎಚ್‌ಎಲ್‌ಎ ಪರೀಕ್ಷೆ ಮಾಡಿಸುವುದು. ನಾವು ಕಾಟ್ಪಾಡಿಯವರೆಗೆ ರೈಲು ಹತ್ತಿ ಪಡೆದ ಉತ್ತರ ಈಗ ಅಂಚೆಯಲ್ಲಿ ಹೋಗಿ ಬರುತ್ತದೆ. ಇನ್ನೊಂದು, ಕೆಟ್ಟ ಸ್ಥಿತಿಯಲ್ಲಿ ಬಂದ ಮಗುವನ್ನು ತಿರುಗಿಸಿ ಕಳಿಸದೆ, ತಿಂಗಳುಗಟ್ಟಲೆ ಕ್ರಮವಾಗಿ ರಕ್ತ, ಔಷಧಿ ಕೊಟ್ಟು, ಪಿತ್ತಜನಕಾಂಗವನ್ನು ಇಳಿಸಿ, ಆಮೇಲೆ ಕಸಿಗೆ ಒಯ್ಯುವುದು. ದಡ್ಡನಿಗೆ ಟಿ.ಸಿ. ಕೊಡದೆ ಸಂಜೆ ಪಾಠ ಹೇಳಿದ ಹಾಗೆ!

ಪೋಷಕರಿಗೆ ಇದರಲ್ಲಿ ಒಂದು ಸುದ್ದಿಯಿದೆ. ಚಿಕ್ಕಂದಿನಲ್ಲೇ ಕಾಯಿಲೆ ಗುರುತಿಸಿ, ರಕ್ತವನ್ನೂ ಕಬ್ಬಿಣದ ಔಷಧಿಯನ್ನೂ ತಪ್ಪಿಸದೆ ನಡೆಸಿದರೆ ಕಸಿಯ ಖರ್ಚೂ ಕಡಿಮೆ, ಅಪಾಯವೂ ಕಡಿಮೆ. ಕಾಲವೇ ಇಲ್ಲಿ ಅತಿ ದುಬಾರಿ ವಸ್ತು. ಇನ್ನೂ ಅಗ್ಗದ್ದೊಂದಿದೆ. ಮದುವೆಗೆ ಮುಂಚೆ, ಕೊನೆಗೆ ಬಸುರಿನ ಮೊದಲ ತಿಂಗಳುಗಳಲ್ಲಾದರೂ, ಹಿಮೋಗ್ಲೋಬಿನ್ ಎ2 ಎಂಬ ರಕ್ತಪರೀಕ್ಷೆ ಮಾಡಿಸಿದರೆ ಗಂಡಹೆಂಡಿರಿಬ್ಬರೂ ವಾಹಕರೇ ಎಂಬುದು ತಿಳಿಯುತ್ತದೆ. ಜಾತಕ ನೋಡುವ ನಮ್ಮ ಜನ ಇದನ್ನು ಮಾತ್ರ ನೋಡುವುದಿಲ್ಲ. ಈ ಮಾತು ಹೇಳಿ ನಾನು ಒಂದೆರಡು ಮನೆಗಳಲ್ಲಿ ಬೈಸಿಕೊಂಡಿದ್ದೇನೆ.

ದರ್ಜಿಯವರ ಮಗಳ ವಿಷಯ ಹೇಳಬೇಕು. ಆಗ ಅವಳಿಗೆ ಕಸಿಯ ದಾರಿ ಇರಲಿಲ್ಲ. ಈಗ ಅರ್ಧ ಹೊಂದುವ ತಂದೆತಾಯಿಯಿಂದಲೂ ಕಸಿ ಮಾಡುತ್ತಾರೆ, ನೋಂದಾಯಿತ ಅಪರಿಚಿತ ದಾನಿಗಳನ್ನು ಹುಡುಕುವ ಸಂಸ್ಥೆಗಳೂ ಇವೆ, ಅಪಾಯ ಮತ್ತು ಖರ್ಚು ಹೆಚ್ಚು. ಅವಳಿಗೆ ಮೂವತ್ತು ದಾಟಿದೆ. ಪದವಿ ಮುಗಿಸಿ ತಾಲ್ಲೂಕು ಕೇಂದ್ರದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಈಗಲೂ ಮೂರು ವಾರಕ್ಕೊಮ್ಮೆ ರಕ್ತ, ದಿನವೂ ಮಾತ್ರೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಹನ್ನೊಂದು ಮಂದಿ ಸರದಿಯ ಪ್ರಕಾರ ರಕ್ತ ಕೊಡುತ್ತಾರೆ. ಪಟ್ಟಿ ಇಟ್ಟಿರುವವನು ಅವಳ ತಮ್ಮ. “ಸಾರ್, ನನ್ನ ಮಜ್ಜೆ ಆಗಲಿಲ್ಲ, ರಕ್ತವಾದರೂ ಆಗುತ್ತಲ್ಲ” ಎನ್ನುತ್ತಾನೆ.

ಮೂರು ವರ್ಷದ ಹಿಂದೆ ಎಂಟನೆಯ ತರಗತಿಗೆ ಒಬ್ಬ ಹುಡುಗ ಸೇರಿದ. ಆರನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ, ಅಕ್ಕನ ಮಜ್ಜೆಯಿಂದ ಅವನಿಗೆ ತಲಸ್ಸೇಮಿಯಾ ಕಸಿಯಾಗಿತ್ತು. ಗುರುತಿನ ಚೀಟಿ ಮಾಡಿಸುವಾಗ ಗುಮಾಸ್ತರು ನನ್ನ ಬಳಿ ಬಂದರು. ಹಳೆಯ ಶಾಲೆಯ ಆರೋಗ್ಯ ಕಾರ್ಡಿನಲ್ಲಿ ರಕ್ತದ ಗುಂಪು ‘ಬಿ ಪಾಸಿಟಿವ್’, ತಾಯಿ ತಂದ ಆಸ್ಪತ್ರೆಯ ಕಾಗದದಲ್ಲಿ ‘ಓ ಪಾಸಿಟಿವ್’. “ಯಾವುದು ಸುಳ್ಳು ಸಾರ್?” ಎಂದರು. ಎರಡೂ ನಿಜ ಎಂದೆ. ಹುಟ್ಟಿದ್ದು ಬಿ, ಈಗ ಅವನ ಮೂಳೆಯೊಳಗೆ ರಕ್ತ ತಯಾರಿಸುತ್ತಿರುವುದು ಅಕ್ಕನ ಕೋಶಗಳು, ಅವಳದು ಓ. ಗುಂಪು ಬೇರೆಯಾದರೂ ಎಚ್‌ಎಲ್‌ಎ ಹೊಂದಿದರೆ ಕಸಿಗೆ ಅಡ್ಡಿಯಿಲ್ಲ, ಬೇರೂರಿದ ಮೇಲೆ ರಕ್ತವೆಲ್ಲ ದಾನಿಯ ಗುಂಪಿನದೇ ಆಗುತ್ತದೆ.

ಗುಮಾಸ್ತರಿಗೆ ಸಮಾಧಾನವಾಗಲಿಲ್ಲ. “ಹುಟ್ಟಿದ ತಾರೀಖು ತಿದ್ದಬೇಕಾದರೇ ಅಫಿಡವಿಟ್ಟು ಕೇಳ್ತಾರೆ. ಹುಟ್ಟಿದ ರಕ್ತ ತಿದ್ದೋಕೆ ನಾನು ಯಾವ ಕಾಲಂ ಹುಡುಕಲಿ?” ಕೊನೆಗೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಬಿಯನ್ನು ಹೊಡೆದು ಹಾಕಿ ಓ ಬರೆದರು, ಪಕ್ಕದಲ್ಲಿ ‘ವಿಜ್ಞಾನ ಶಿಕ್ಷಕರ ಹೇಳಿಕೆಯ ಮೇರೆಗೆ’ ಎಂದು ಸೇರಿಸಿ ನನ್ನ ಸಹಿ ಹಾಕಿಸಿಕೊಂಡರು.